ಏರ್ ಪಿಸ್ತೂಲಿಗೆ ಎಷ್ಟು ವೇಗ ಇಡಬೇಕು? ಮಲೆನಾಡಿನ ಹೊಸ ಶೂಟರ್‌ಗಳಿಗೆ ಒಂದು ಮಾರ್ಗದರ್ಶಿ

ನಮ್ಮ ಕಡೆ ಏರ್‌ಗನ್ ಅಂದ ಕೂಡಲೇ ಜನಕ್ಕೆ ಮಂಗನ ಕಾಟ ನೆನಪಾಗುತ್ತದೆ. ಅಡಿಕೆ ತೋಟಕ್ಕೆ, ಬಾಳೆಗೆ ಹಿಂಡು ನುಗ್ಗಿದಾಗ ಸದ್ದು ಮಾಡಿ ಓಡಿಸಲು ಒಂದು ಏರ್‌ಗನ್ ಇಟ್ಟುಕೊಂಡ ಮನೆಗಳು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೇಕಾದಷ್ಟಿವೆ. ಹಾಗಾಗಿ ಯಾರಾದರೂ ಹತ್ತು ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲ್ ಕೊಂಡು ಊರಿಗೆ ತಂದರೆ ಜಗಲಿಯಲ್ಲಿ ಕೂತವರು ಕೇಳುವ ಮೊದಲ ಮಾತು, "ಎಷ್ಟು ಪವರ್ ಇದೆ ಮಾರಾಯ ಇದ್ರಲ್ಲಿ?" ಪಿಸ್ತೂಲ್ ಕೊಂಡ ಹುಡುಗನ ತಲೆಯಲ್ಲೂ ಅದೇ ಪ್ರಶ್ನೆ ಇರುತ್ತದೆ. ಎರಡನೇ ದಿನವೇ ನನ್ನ ಹತ್ತಿರ ಬಂದು, "ಅಣ್ಣ, ಇದನ್ನ ಎಷ್ಟರವರೆಗೆ ಏರಿಸ್ಬಹುದು?" ಅನ್ನುತ್ತಾನೆ.

ತೋಟದ ಏರ್‌ಗನ್ನಿಗೆ ಅದು ಸರಿಯಾದ ಪ್ರಶ್ನೆಯೇ ಇರಬಹುದು. ಸ್ಪರ್ಧೆಯ ಪಿಸ್ತೂಲಿಗೆ ಕೇಳಬೇಕಾದ್ದು ಬೇರೆ. ಅರವತ್ತು ಸಲ ಹೊಡೆದರೆ ಅರವತ್ತು ಸಲವೂ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಒಂದೇ ವೇಗದಲ್ಲಿ ಹೊರಗೆ ಬರುತ್ತಾ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಇದೇ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು. ಒಂದು ಒಂಟಿಯಾಗಿ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ. ಅದಾದ ಮೇಲೆ ನನ್ನ ಹತ್ತಿರ ಕಲಿಯಲು ಬರುವ ಮಕ್ಕಳು ಹೆಚ್ಚಾಗಿದ್ದಾರೆ. ಅಪ್ಪ ಅಮ್ಮ ಸಾಲ ಮಾಡಿ ಪಿಸ್ತೂಲ್ ಕೊಡಿಸಿದ್ದೂ ಇದೆ. ಆ ದುಡ್ಡು ಸುಮ್ನೆ ಹೋಗಬಾರದು ಅನ್ನೋ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅವಸರದಲ್ಲಿ ಇರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅರ್ಧ ಗ್ರಾಂ ತೂಕದ ಪೆಲೆಟ್‌ಗೆ ಸೆಕೆಂಡಿಗೆ 140ರಿಂದ 155 ಮೀಟರ್ ವೇಗ ಸಾಕು. ಅಡಿಯಲ್ಲಿ ಹೇಳಿದರೆ 460ರಿಂದ 510. ಸ್ಟೆಯರ್, ಮೊರಿನಿ, ವಾಲ್ಥರ್, ಫೈನ್‌ವೆರ್ಕ್‌ಬಾವ್, ಪಾರ್ದಿನಿ ಯಾವುದೇ ಕಂಪನಿಯದಿರಲಿ, ಕಾರ್ಖಾನೆಯಿಂದ ಸುಮಾರಾಗಿ ಈ ಅಳತೆಯ ಆಸುಪಾಸಿನಲ್ಲೇ ಹೊಂದಿಸಿ ಕಳಿಸುತ್ತಾರೆ. ಈ ವ್ಯಾಪ್ತಿಯ ಒಳಗೆ ನಿಮ್ಮ ಪಿಸ್ತೂಲಿಗೆ ಯಾವ ಅಂಕಿ ಸರಿ ಅಂತ ಕಂಡುಹಿಡಿಯುವುದೇ ಮುಂದಿನ ಕೆಲಸ.

ವೇಗದ ಸ್ಕ್ರೂ ಮುಟ್ಟುವ ಮುಂಚೆ ಒಂದು ಸಣ್ಣ ಲೆಕ್ಕ

ವೇಗ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವವರು ಒಂದು ಕಾರಣ ಕೊಡುತ್ತಾರೆ. ಪೆಲೆಟ್ ಬ್ಯಾರಲ್ಲಿನಿಂದ, ಅಂದರೆ ನಳಿಗೆಯಿಂದ, ಬೇಗ ಹೊರಗೆ ಹೋದರೆ ಕೈ ಅಲುಗಾಡಿ ಕೆಡಿಸಲು ಸಮಯವೇ ಸಿಗುವುದಿಲ್ಲ ಅಂತ. ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಅಂಕಿ ಹಾಕಿ ನೋಡೋಣ.

ಪಿಸ್ತೂಲಿನ ಬ್ಯಾರಲ್ ಒಂದು ಗೇಣಿನಷ್ಟು, ಸುಮಾರು 23 ಸೆಂಟಿಮೀಟರ್. ಹೊರಗೆ ಬರುವಾಗ 150 ಮೀಟರ್ ವೇಗ ಇರುವ ಪೆಲೆಟ್ ಒಳಗೆ ಕಳೆಯುವ ಹೊತ್ತು ಸೆಕೆಂಡಿನ ಸಾವಿರದಲ್ಲಿ ಎರಡೂವರೆ ಭಾಗ. ವೇಗ 130ಕ್ಕೆ ಇಳಿದರೆ ಅದು ಮೂರು ಭಾಗದ ಹತ್ತಿರ ಹೋಗುತ್ತದೆ. ಅಂದರೆ ವ್ಯತ್ಯಾಸ ಸಾವಿರದಲ್ಲಿ ಅರ್ಧ ಭಾಗವೂ ಇಲ್ಲ. ನಿಮ್ಮ ಗುರಿ ಟಾರ್ಗೆಟ್ ಮೇಲೆ ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಓಡಾಡುತ್ತಿದೆ ಅಂತ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಅದು ಸರಿಯುವುದು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ತಲೆಕೂದಲಿನ ದಪ್ಪಕ್ಕೂ ಕಡಿಮೆ. ಅದೇ, ಹೊಡೆಯಬೇಕು ಅಂತ ಮನಸ್ಸು ಹೇಳಿದ್ದು ಬೆರಳಿಗೆ ತಲುಪಲು ಸಾವಿರದಲ್ಲಿ 200 ಭಾಗದಷ್ಟು ಹೊತ್ತು ಹಿಡಿಯುತ್ತದೆ. ನಾವು ಅಂಕ ಕಳೆದುಕೊಳ್ಳುವುದು ಆ 200ರಲ್ಲಿ. ಬ್ಯಾರಲ್ ಒಳಗಿನ ಆ ಅರ್ಧ ಭಾಗಕ್ಕಾಗಿ ಪಿಸ್ತೂಲನ್ನು ಏರಿಸಿ ಕೂರಬೇಕಾಗಿಲ್ಲ.

ಈಗ ಇನ್ನೊಂದು ಕಡೆಯ ಲೆಕ್ಕ. ಪೆಲೆಟ್ ಹಾರುವಾಗ ಭೂಮಿ ಕಡೆ ಇಳಿಯುತ್ತಲೇ ಇರುತ್ತದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 150ರ ವೇಗದಲ್ಲಿ ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು 22 ಮಿಲಿಮೀಟರ್ ಇಳಿಯುತ್ತದೆ. 130ರಲ್ಲಿ 29 ಮಿಲಿಮೀಟರ್. ಏರ್ ಪಿಸ್ತೂಲ್ ಟಾರ್ಗೆಟಿನಲ್ಲಿ ಒಂದು ರಿಂಗಿನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಅಂದರೆ 20 ಮೀಟರ್ ವೇಗ ಕಡಿಮೆಯಾದರೆ ಹೆಚ್ಚುಕಡಿಮೆ ಒಂದು ರಿಂಗ್ ಕೆಳಗೆ. ಅಷ್ಟೂ ಸಲ ಅಷ್ಟೇ ಕೆಳಗೆ ಹೋದರೆ ತೊಂದರೆಯೇ ಇಲ್ಲ. ಸೈಟನ್ನು, ಅಂದರೆ ಪಿಸ್ತೂಲಿನ ಮೇಲಿನ ಗುರಿ ನೋಡುವ ಪಟ್ಟಿಯನ್ನು, ನಾಲ್ಕು ಕ್ಲಿಕ್ ತಿರುಗಿಸಿದರೆ ಮುಗಿಯಿತು.

ಒಂದು ಪೆಲೆಟ್ 140ರಲ್ಲಿ, ಮುಂದಿನದು 160ರಲ್ಲಿ ಬಂದರೆ? ಆಗ ಕೈ ಕಲ್ಲಿನ ಹಾಗೆ ನಿಂತಿದ್ದರೂ ಎರಡು ತೂತಿನ ನಡುವೆ ಸುಮಾರು 6 ಮಿಲಿಮೀಟರ್ ಅಂತರ ಬೀಳುತ್ತದೆ. ಹತ್ತರ ರಿಂಗಿನ ಅಗಲವೇ 11.5 ಮಿಲಿಮೀಟರ್. ಅದರಲ್ಲಿ ಅರ್ಧವನ್ನು ಪಿಸ್ತೂಲೇ ತಿಂದು ಹಾಕಿದ ಹಾಗಾಯಿತು. ವ್ಯತ್ಯಾಸ 3 ಮೀಟರಿನ ಒಳಗೆ ಇದ್ದರೆ ಈ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ. ಈ ಒಂದು ಲೆಕ್ಕ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ.

ನನ್ನ ಅನುಭವವನ್ನೂ ಹೇಳಬೇಕು. ಮೊದಲ ಪಿಸ್ತೂಲ್ ಬಂದ ವರ್ಷ ಯಾರದೋ ಮಾತು ಕೇಳಿ ಅದನ್ನು 170ರ ಹತ್ತಿರ ಏರಿಸಿದ್ದೆ. ಹತ್ತರ ಅಂಚಿಗೆ ಬೀಳಬೇಕಾದ ಹೊಡೆತಗಳು ಒಂದರ ಹಿಂದೆ ಒಂದು ಒಂಬತ್ತಕ್ಕೆ ಹೋಗತೊಡಗಿದವು. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ತಪ್ಪು ನನ್ನ ಕೈಯದ್ದೇ ಅಂದುಕೊಂಡು ಎರಡು ತಿಂಗಳು ಹಿಡಿತ ಬದಲಾಯಿಸಿದೆ, ನಿಲುವು ಬದಲಾಯಿಸಿದೆ. ಕೊನೆಗೆ ವೇಗ ಅಳೆದು ನೋಡಿದಾಗ ಹತ್ತು ಹೊಡೆತದಲ್ಲಿ 161ರಿಂದ 173ರವರೆಗೆ ಓಡಾಡುತ್ತಿತ್ತು. ಜೊತೆಗೆ ಪ್ರತಿ ಹೊಡೆತಕ್ಕೂ ಪಿಸ್ತೂಲ್ ಕೈಯಲ್ಲಿ ಕುಣಿಯುತ್ತಿತ್ತು. ಸ್ಕ್ರೂವನ್ನು ವಾಪಸ್ ತಿರುಗಿಸಿದ ದಿನವೇ ಗ್ರೂಪ್, ಅಂದರೆ ತೂತುಗಳ ಗುಂಪು, ಕೂಡಿಕೊಂಡಿತು. ಆ ಎರಡು ತಿಂಗಳು ನಿಮ್ಮ ಮಕ್ಕಳಿಗೆ ಹಾಳಾಗಬಾರದು.

ಹೆಜ್ಜೆ 1: ನಿಮ್ಮ ಪಿಸ್ತೂಲ್ ಯಾವ ಜಾತಿಯದು ಅಂತ ನೋಡಿ

ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸಿಕೊಳ್ಳುವ ಪಿಸ್ತೂಲಾದರೆ ಈ ಲೇಖನ ಪೂರ್ತಿ ನಿಮಗೇ. ಇದರಲ್ಲಿ ರೆಗ್ಯುಲೇಟರ್ ಇರುತ್ತದೆ. ಸಿಲಿಂಡರಿನಲ್ಲಿ ಎಷ್ಟೇ ಗಾಳಿ ಇರಲಿ, ಹೊಡೆತಕ್ಕೆ ಹೋಗುವ ಒತ್ತಡವನ್ನು ಅದು ಒಂದೇ ಸಮ ಇಡುತ್ತದೆ. ವೇಗ ಬದಲಾಯಿಸಲು ಒಂದು ಸ್ಕ್ರೂ ಇರುತ್ತದೆ. ಎಲ್ಲಿದೆ ಅಂತ ಕೈಪಿಡಿ ನೋಡಿಯೇ ತಿಳಿದುಕೊಳ್ಳಿ. ಟ್ರಿಗರ್ ಸ್ಕ್ರೂವನ್ನೇ ವೇಗದ ಸ್ಕ್ರೂ ಅಂದುಕೊಂಡು ತಿರುಗಿಸಿದವರನ್ನು ನೋಡಿದ್ದೇನೆ. ಟ್ರಿಗರ್ 500 ಗ್ರಾಂಗಿಂತ ಹಗುರವಾದರೆ ಸ್ಪರ್ಧೆಯ ತಪಾಸಣೆಯಲ್ಲೇ ವಾಪಸ್ ಕಳಿಸುತ್ತಾರೆ.

ಒಂದು ಸಲ ಸನ್ನೆ ಎಳೆದು ಗಾಳಿ ಒತ್ತಿಕೊಳ್ಳುವ ಪಿಸ್ತೂಲುಗಳಿವೆ. ರಷ್ಯಾದ ಐಝಡ್‌ಎಚ್ 46ಎಂ ಅಂಥದ್ದು. ಇವುಗಳ ವೇಗ 120ರಿಂದ 140ರ ಆಸುಪಾಸು. ಕಡಿಮೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ಸಲ ಅಷ್ಟೇ ಗಾಳಿಯನ್ನು ಅಷ್ಟೇ ಒತ್ತುವುದರಿಂದ ವೇಗ ತುಂಬಾ ಸಮವಾಗಿ ಬರುತ್ತದೆ. ಇದರಲ್ಲಿ ನೀವು ಹೊಂದಿಸುವಂಥದ್ದು ಏನೂ ಇಲ್ಲ. ಸೀಲ್ ಚೆನ್ನಾಗಿಟ್ಟುಕೊಳ್ಳಿ, ಸನ್ನೆಯನ್ನು ಪ್ರತಿ ಸಲ ಒಂದೇ ನಿಧಾನದಲ್ಲಿ ಎಳೆಯಿರಿ, ಒಳ್ಳೆಯ ಪೆಲೆಟ್ ಹುಡುಕಿ. ಸಾಕು.

ಹಳೆಯ ಕಾರ್ಬನ್ ಡೈ ಆಕ್ಸೈಡ್ ಪಿಸ್ತೂಲ್ ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಸ್ವಲ್ಪ ಯೋಚಿಸಿ. ಆ ಅನಿಲದ ಒತ್ತಡ ಬಿಸಿಲು ಚಳಿಗೆ ತಕ್ಕಂತೆ ಏರಿಳಿಯುತ್ತದೆ. 15 ಡಿಗ್ರಿಯಲ್ಲಿ ಸುಮಾರು 51 ಬಾರ್ ಇದ್ದದ್ದು 30 ಡಿಗ್ರಿಯಲ್ಲಿ 72 ಬಾರ್ ಆಗುತ್ತದೆ. ನಮ್ಮ ಡಿಸೆಂಬರಿನ ಬೆಳಗ್ಗೆ ಮತ್ತು ಏಪ್ರಿಲ್ ಮಧ್ಯಾಹ್ನದ ನಡುವೆ ಅಷ್ಟು ಅಂತರ ಇದ್ದೇ ಇರುತ್ತದೆ. ಅಭ್ಯಾಸಕ್ಕೆ ಸರಿ, ಸ್ಪರ್ಧೆಗೆ ತಲೆನೋವು.

ಹೆಜ್ಜೆ 2: ಮೊದಲು ಪೆಲೆಟ್, ಆಮೇಲೆ ವೇಗ

ಇದನ್ನು ಹಿಂದೆ ಮುಂದೆ ಮಾಡಬೇಡಿ. ಪೆಲೆಟ್ ಬದಲಾದರೆ ವೇಗವೂ ಬದಲಾಗುತ್ತದೆ. ಮೊದಲೇ ವೇಗ ಹೊಂದಿಸಿ ಆಮೇಲೆ ಪೆಲೆಟ್ ಬದಲಾಯಿಸಿದರೆ ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕು.

ಸ್ಪರ್ಧೆಗೆ ಬೇಕಾದ್ದು 4.5 ಮಿಲಿಮೀಟರಿನ ಚಪ್ಪಟೆ ಮೂತಿಯ ಪೆಲೆಟ್. ಕಾಗದದಲ್ಲಿ ಗುಂಡಗೆ, ಕತ್ತರಿಸಿದ ಹಾಗೆ ತೂತು ಬೀಳುವುದು ಇದರಿಂದಲೇ. ಚೂಪು ಮೂತಿಯದ್ದು, ಗುಮ್ಮಟದ ಮೂತಿಯದ್ದು ಇಲ್ಲಿ ಬೇಡ. ತೂಕ ಸಾಮಾನ್ಯವಾಗಿ 0.45ರಿಂದ 0.53 ಗ್ರಾಂವರೆಗೆ ಸಿಗುತ್ತದೆ. ಹಗುರದ್ದನ್ನು ಪಿಸ್ತೂಲಿಗೆ, ಭಾರದ್ದನ್ನು ರೈಫಲ್ಲಿಗೆ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಆದರೆ ಅದು ಕಟ್ಟುನಿಟ್ಟಾದ ನಿಯಮ ಅಲ್ಲ. 0.53 ಗ್ರಾಮಿನದ್ದೇ ಚೆನ್ನಾಗಿ ಕೂಡುವ ಪಿಸ್ತೂಲುಗಳೂ ಇವೆ.

ಪಿಸ್ತೂಲ್ 5.5 ಜೌಲ್ ಶಕ್ತಿ ಕೊಡುತ್ತದೆ ಅಂತ ಇಟ್ಟುಕೊಂಡರೆ 0.45 ಗ್ರಾಂ ಪೆಲೆಟ್ 156ರಲ್ಲಿ, 0.49 ಗ್ರಾಂ 150ರಲ್ಲಿ, 0.53 ಗ್ರಾಂ 144ರಲ್ಲಿ ಹೋಗುತ್ತದೆ. ಹಾಗಾಗಿ ಗೆಳೆಯನ ಪಿಸ್ತೂಲ್ 156 ತೋರಿಸಿತು, ನನ್ನದು 144 ಅಂತ ಚಿಂತೆ ಮಾಡುವ ಮುಂಚೆ ಅವನ ಡಬ್ಬಿಯನ್ನು ನೋಡಿ. ಎರಡೂ ಪಿಸ್ತೂಲು ಒಂದೇ ಕೆಲಸ ಮಾಡುತ್ತಿರಬಹುದು.

ಪೆಲೆಟಿನ ತಲೆಯ ಅಳತೆಯಲ್ಲೂ ವ್ಯತ್ಯಾಸ ಇದೆ. 4.48, 4.49, 4.50, 4.51 ಹೀಗೆ. ಮಿಲಿಮೀಟರಿನ ನೂರನೇ ಒಂದು ಭಾಗ ಬ್ಯಾರಲ್ಲಿಗೆ ಗೊತ್ತಾಗುತ್ತದೆ. ಮೂರು ನಾಲ್ಕು ಜನ ಸೇರಿ ಬೇರೆ ಬೇರೆ ಡಬ್ಬಿ ತರಿಸಿ ಹಂಚಿಕೊಂಡು ಪರೀಕ್ಷೆ ಮಾಡಿ. ಒಬ್ಬರೇ ಎಲ್ಲ ಕೊಳ್ಳುವುದು ದುಬಾರಿ. ಹಿಡಿಸಿದ್ದು ಸಿಕ್ಕಿದರೆ ಅದೇ ಬ್ಯಾಚ್ ನಂಬರಿನ ಡಬ್ಬಿಗಳನ್ನು ವರ್ಷಕ್ಕೆ ಬೇಕಾಗುವಷ್ಟು ತೆಗೆದಿಡಿ.

ಪರೀಕ್ಷೆಗೆ ಪಿಸ್ತೂಲನ್ನು ಅಲುಗಾಡದ ಹಾಗೆ ಹಿಡಿಯಬೇಕು. ಬಡಗಿಗಳ ವೈಸ್ ಇದ್ದರೆ ಅದರ ಎರಡು ದವಡೆಗೂ ಹಳೆಯ ಸೈಕಲ್ ಟ್ಯೂಬ್ ಸುತ್ತಿ. ಬ್ಯಾರಲ್ಲನ್ನಾಗಲಿ ಸಿಲಿಂಡರನ್ನಾಗಲಿ ದವಡೆಗೆ ಕೊಡಬೇಡಿ. ಹಿಡಿಯ ಮರವನ್ನು ತೆಗೆದು ಅದರ ಒಳಗಿನ ಚೌಕಟ್ಟನ್ನು, ಮೆತ್ತಗೆ, ಜಾರದಷ್ಟು ಮಾತ್ರ ಬಿಗಿ ಮಾಡಿ. ಐದೈದು ಹೊಡೆತದ ಗ್ರೂಪ್, ಪ್ರತಿ ಪೆಲೆಟಿಗೆ ಕನಿಷ್ಠ ನಾಲ್ಕು ಗ್ರೂಪ್. ಒಳ್ಳೆಯ ಪಿಸ್ತೂಲ್ ಒಳ್ಳೆಯ ಪೆಲೆಟಿನಲ್ಲಿ ಐದನ್ನೂ ಒಂದೇ ತೂತಿಗೆ ಹಾಕುತ್ತದೆ. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿಲಿಮೀಟರಿನ ಒಳಗೆ ಬಂದರೆ ಖುಷಿಪಡಿ.

ಹೆಜ್ಜೆ 3: ಅಳೆಯಿರಿ

ಪೆಲೆಟಿನ ವೇಗ ಅಳೆಯುವ ಯಂತ್ರ, ಕ್ರೋನೋಗ್ರಾಫ್, ಇಲ್ಲದೆ ವೇಗದ ಸ್ಕ್ರೂ ಮುಟ್ಟಬೇಡಿ. ಸದ್ದು ಕೇಳಿ, ತಗಡಿನ ಡಬ್ಬಕ್ಕೆ ಹೊಡೆದು ಅಂದಾಜು ಮಾಡುವುದು ಆಗದ ಮಾತು. ಕ್ಲಬ್ಬಿನಲ್ಲಿ ಒಂದಾದರೂ ಇರುತ್ತದೆ, ಇಲ್ಲದಿದ್ದರೆ ನಾಲ್ಕೈದು ಮನೆಯವರು ಸೇರಿ ಒಂದು ಕೊಳ್ಳಿ. ವರ್ಷಕ್ಕೆ ಮೂರು ದಿನ ಬೇಕಾಗುವ ವಸ್ತು.

ಬೆಳಕಿನ ಕಣ್ಣು ಇರುವ ಕ್ರೋನೋಗ್ರಾಫಾದರೆ ನಮ್ಮ ಮನೆಗಳಲ್ಲಿ ಒಂದು ತೊಂದರೆ ಇದೆ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಜಗಲಿ ಕತ್ತಲಾಗುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಅದರ ಮಿಣುಕು ಯಂತ್ರಕ್ಕೆ ಗೊಂದಲ ಮಾಡುತ್ತದೆ. ನಮ್ಮ ಕಣ್ಣಿಗೆ ಕಾಣದಿದ್ದರೂ ಆ ಬೆಳಕು ಹತ್ತಿ ಆರುತ್ತಲೇ ಇರುತ್ತದೆ. ಒಂದು ಸಲ 148, ಮುಂದಿನದು 212 ಅಂತ ತೋರಿಸಿದರೆ ಪಿಸ್ತೂಲನ್ನು ಬೈಯಬೇಡಿ, ದೀಪ ಆರಿಸಿ. ಹಗಲು ಬೆಳಕಿನಲ್ಲಿ, ಅಂಗಳದ ಅಡಿಕೆ ಚಪ್ಪರದ ನೆರಳಿನಲ್ಲಿ ಅಳೆದರೆ ಅಂಕಿ ಸ್ಥಿರವಾಗಿ ಬರುತ್ತದೆ. ಹಳೆಯ ಕಾಲದ ತಂತಿ ಬಲ್ಬ್ ಇದ್ದರೆ ಅದೂ ನಡೆಯುತ್ತದೆ. ಬ್ಯಾರಲ್ ತುದಿಗೂ ಯಂತ್ರಕ್ಕೂ ಅರ್ಧ ಮೀಟರ್ ಅಂತರ ಇಟ್ಟು, ಪ್ರತಿ ಸಲವೂ ಅದೇ ಅಂತರ ಇರಲಿ.

ಹಿಂದೆ ಏನಿದೆ ಅಂತ ಎರಡು ಸಲ ನೋಡಿಕೊಳ್ಳಿ. ಪೆಲೆಟ್ ತಡೆಯುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಗೋಡೆ. ನಮ್ಮ ಮನೆಗಳ ಹಿತ್ತಿಲ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಹೊಡೆಯುವಷ್ಟು ಹೊತ್ತು ಅದಕ್ಕೆ ಅಗಳಿ ಹಾಕಿ. ಹೊಡೆಯುವವರು, ನೋಡುವವರು ಎಲ್ಲರಿಗೂ ಕಣ್ಣಿಗೆ ಕನ್ನಡಕ.

ಬ್ಯಾರಲ್ ಆಗಷ್ಟೇ ಒರೆಸಿದ್ದರೆ ಮೊದಲ ಹತ್ತು ಹೊಡೆತ ಲೆಕ್ಕಕ್ಕೆ ಬೇಡ. ಆಮೇಲೆ ಹತ್ತು ಹೊಡೆದು ಹತ್ತೂ ಅಂಕಿಗಳನ್ನು ಪುಸ್ತಕದಲ್ಲಿ ಬರೆಯಿರಿ. ಎರಡು ವಿಷಯ ನೋಡಬೇಕು. ಸರಾಸರಿ ಎಷ್ಟು, ಮತ್ತೆ ಎಲ್ಲಕ್ಕಿಂತ ಜಾಸ್ತಿ ಬಂದದ್ದಕ್ಕೂ ಕಡಿಮೆ ಬಂದದ್ದಕ್ಕೂ ಅಂತರ ಎಷ್ಟು. ಈ ಅಂತರ 3 ಮೀಟರಿನ ಒಳಗೆ ಇದ್ದು, ಸರಾಸರಿ 140ರಿಂದ 155ರ ನಡುವೆ ಇದ್ದರೆ ನಾನು ಸ್ಕ್ರೂ ಮುಟ್ಟುವುದೇ ಇಲ್ಲ. ನೀವೂ ಮುಟ್ಟಬೇಡಿ. ನೇರ ಐದನೇ ಹೆಜ್ಜೆಗೆ ಹೋಗಿ. ಅಂತರ 5 ದಾಟಿದರೆ ಕಾರಣ ಹುಡುಕಬೇಕು.

ಹೆಜ್ಜೆ 4: ಪಿಸ್ತೂಲಿಗೆ ಹಿತವಾದ ಜಾಗ ಹುಡುಕಿ

ಪೆಲೆಟ್ ತೆಗೆದು, ಪಿಸ್ತೂಲ್ ಖಾಲಿ ಇದೆ ಅಂತ ನೋಡಿಕೊಂಡೇ ಸ್ಕ್ರೂಗೆ ಕೈ ಹಾಕಿ. ತಿರುಗಿಸುವ ಮುಂಚೆ ಈಗಿರುವ ಜಾಗಕ್ಕೆ ಒಂದು ಗುರುತು ಮಾಡಿ. ಬಿಳಿ ನೈಲ್ ಪಾಲಿಶಿನಲ್ಲಿ ಒಂದು ಸಣ್ಣ ಗೆರೆ ಎಳೆದರೆ ಸಾಕು. ಎಷ್ಟೇ ಗಲಿಬಿಲಿಯಾದರೂ ಇಲ್ಲಿಗೇ ವಾಪಸ್ ಬರಬಹುದು.

ಒಂದು ಸಲಕ್ಕೆ ಕಾಲು ಸುತ್ತು. ಹತ್ತು ಹೊಡೆತ. ಬರೆಯಿರಿ. ಮತ್ತೆ ಕಾಲು ಸುತ್ತು. ಹ್ಯಾಮರ್ ಸ್ಪ್ರಿಂಗ್ (ಗಾಳಿಯ ಕವಾಟವನ್ನು ಬಡಿದು ತೆರೆಯುವ ಸುತ್ತಿಗೆಯ ಸ್ಪ್ರಿಂಗ್) ಮೂಲಕ ವೇಗ ಹೊಂದಿಸುವ ನನ್ನ ಪಿಸ್ತೂಲಿನ ಒಂದು ಪುಟ ಹೀಗಿದೆ. ಮೊದಲು ಸರಾಸರಿ 136, ಅಂತರ 5. ಕಾಲು ಸುತ್ತು ಬಿಗಿ ಮಾಡಿದ ಮೇಲೆ 143, ಅಂತರ 4. ಮತ್ತೆ ಕಾಲು ಸುತ್ತಿಗೆ 148, ಅಂತರ 2. ಆಮೇಲೆ 151, ಅಂತರ 2. ಕೊನೆಗೆ 152, ಅಂತರ 3.

ಈ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಮೊದಲ ಕಾಲು ಸುತ್ತಿಗೆ 7 ಮೀಟರ್ ಸಿಕ್ಕಿತು, ಆಮೇಲೆ 5, ಆಮೇಲೆ 3, ಕೊನೆಗೆ ಬರೀ 1. ಅಂದರೆ ಸ್ಪ್ರಿಂಗ್ ಸಡಿಲ ಇದ್ದಾಗ ಅದರ ಬಡಿತದಲ್ಲಿ ಚೂರು ಹೆಚ್ಚುಕಮ್ಮಿ ಆದರೂ ವೇಗ ಜಿಗಿಯುತ್ತದೆ. ಬಿಗಿ ಆದ ಹಾಗೆ ವೇಗ ಒಂದು ಕಡೆ ನಿಲ್ಲುತ್ತಾ ಬರುತ್ತದೆ. ಘಾಟಿ ಹತ್ತಿ ಮೇಲಿನ ಬಯಲಿಗೆ ಬಂದ ಹಾಗೆ. ಆ ಬಯಲು ಶುರುವಾಗುವ ಜಾಗವೇ ನಮಗೆ ಬೇಕಾದ್ದು. ಅಲ್ಲಿಂದ ಮುಂದೆ ಬಿಗಿ ಮಾಡಿದರೆ ಗಾಳಿ ಸುಮ್ನೆ ಖರ್ಚಾಗುತ್ತದೆ, ಬಡಿತ ಜೋರಾಗುತ್ತದೆ, ವೇಗ ಮಾತ್ರ ಏರುವುದಿಲ್ಲ. ನಾನು 148ಕ್ಕೆ ನಿಲ್ಲಿಸಿದೆ. 151 ಕೂಡ ತಪ್ಪಲ್ಲ. ಎರಡರಲ್ಲೂ ಅಂತರ ಅಷ್ಟೇ ಇದ್ದಾಗ ಕೈಗೆ ಮೆದುವಾದದ್ದು ನನ್ನ ಆಯ್ಕೆ.

ನಿಮ್ಮ ಪಿಸ್ತೂಲಿನ ಬಯಲು 143ರಲ್ಲಿ ಶುರುವಾಗಬಹುದು, 155ರಲ್ಲಿ ಶುರುವಾಗಬಹುದು. ಇನ್ನೊಬ್ಬರ ಅಂಕಿ ತಂದು ನಿಮ್ಮದಕ್ಕೆ ಹಚ್ಚಬೇಡಿ. ರೆಗ್ಯುಲೇಟರ್ ಮೂಲಕವೇ ವೇಗ ಹೊಂದಿಸುವ ಪಿಸ್ತೂಲುಗಳಲ್ಲಿ ಇಂಥ ಬಯಲು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಲ್ಲಿ ಅಂತರ ಎಲ್ಲಿ ಕಡಿಮೆ ಅನ್ನುವುದನ್ನಷ್ಟೇ ನೋಡಿ.

120ಕ್ಕಿಂತ ಕೆಳಗೆ ಇಳಿಸುವ ಆಸೆಯೂ ಬೇಡ. ಮೆದುವಾಗಿರುತ್ತದೆ ನಿಜ. ಆದರೆ ವೇಗ ಕಡಿಮೆ ಇದ್ದಾಗ ಅಷ್ಟೇ ಏರುಪೇರು ಟಾರ್ಗೆಟಿನಲ್ಲಿ ಜಾಸ್ತಿ ಅಂತರವಾಗಿ ಕಾಣುತ್ತದೆ. 150ರಲ್ಲಿ 3 ಮೀಟರ್ ವ್ಯತ್ಯಾಸ ಒಂದು ಮಿಲಿಮೀಟರಿನೊಳಗೆ ಇದ್ದರೆ 120ರಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಕಾಗದದ ತೂತೂ ಹರಿದ ಹಾಗೆ ಆಗುತ್ತದೆ.

ಜಾಗ ಗೊತ್ತಾದ ಮೇಲೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಸಿಲಿಂಡರನ್ನು 200 ಬಾರ್ ತುಂಬಿಸಿ, ಹೊಡೆಯುತ್ತಾ ಹೋಗಿ. ಪ್ರತಿ ಹತ್ತು ಹೊಡೆತಕ್ಕೊಮ್ಮೆ ವೇಗ ಮತ್ತು ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ಎರಡನ್ನೂ ಬರೆಯಿರಿ. ಒಂದು ಹಂತ ಬಂದ ಮೇಲೆ ವೇಗ ಇಳಿಯತೊಡಗುತ್ತದೆ. ರೆಗ್ಯುಲೇಟರಿಗೆ ಬೇಕಾದಷ್ಟು ಗಾಳಿ ಸಿಲಿಂಡರಿನಲ್ಲಿ ಉಳಿದಿಲ್ಲ ಅಂತ ಅದರ ಅರ್ಥ. ಆ ಗೇಜ್ ಅಂಕಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ದೊಡ್ಡದಾಗಿ ಬರೆದು ಅಂಟಿಸಿ. ಸ್ಪರ್ಧೆಯಲ್ಲಿ 75 ನಿಮಿಷದಲ್ಲಿ 60 ಹೊಡೆತ, ಅದಕ್ಕೆ ಮುಂಚೆ ಗುರಿ ಸರಿಮಾಡಿಕೊಳ್ಳಲು ಹದಿನೈದು ಇಪ್ಪತ್ತು. 80 ಹೊಡೆತಕ್ಕೆ ಸಾಲುವಷ್ಟು ಗಾಳಿ ಇಲ್ಲದೆ ಯಾರೂ ಲೇನಿಗೆ ಹೋಗಬಾರದು.

ಹೆಜ್ಜೆ 5: ಕೊನೆಯ ತೀರ್ಪು ಕೈಯದು

ವೈಸ್ ಒಪ್ಪಿದ್ದನ್ನು ಕೈ ಒಪ್ಪಬೇಕು ಅಂತೇನಿಲ್ಲ. ಹದಿಮೂರು ವರ್ಷದ ಹುಡುಗಿಯ ಮಣಿಕಟ್ಟಿಗೂ ಮೂವತ್ತರ ಗಂಡಸಿನ ಮಣಿಕಟ್ಟಿಗೂ ವ್ಯತ್ಯಾಸ ಇದೆ. ಅದಕ್ಕೇ ಎರಡು ಜಾಗ ಆರಿಸಿಕೊಳ್ಳಿ. ಉದಾಹರಣೆಗೆ 143 ಮತ್ತು 151. ಗೆಳೆಯನ ಕೈಗೆ ಪಿಸ್ತೂಲ್ ಕೊಟ್ಟು, ಯಾವುದಕ್ಕೆ ಇಟ್ಟೆ ಅಂತ ಹೇಳದೆ ಹೊಂದಿಸಿ ಕೊಡಲು ಹೇಳಿ. ಸೈಟನ್ನೂ ಅವನೇ ಸರಿಮಾಡಲಿ. ಮೂವತ್ತು ಹೊಡೆಯಿರಿ. ಮತ್ತೆ ಅವನೇ ಬದಲಾಯಿಸಲಿ, ಅಥವಾ ಬದಲಾಯಿಸದೆ ಹಾಗೇ ಕೊಡಲಿ. ಮೂರು ದಿನ ಹೀಗೆ ಮಾಡಿ. ಗೊತ್ತಿದ್ದು ಹೊಡೆದರೆ ಮನಸ್ಸು ತನಗೆ ಬೇಕಾದ ಕಡೆ ವಾಲುತ್ತದೆ.

ಅಂಕದ ಜೊತೆಗೆ ಇನ್ನೊಂದನ್ನು ಗಮನಿಸಿ. ಹೊಡೆತ ಆದ ಮೇಲೆ ಮುಂದಿನ ಸೈಟ್ ಎಲ್ಲಿಗೆ ಹೋಗಿ ಎಲ್ಲಿಗೆ ವಾಪಸ್ ಬಂತು? ನೇರ ಮೇಲೆ ಎದ್ದು, ನೇರ ಅದೇ ಜಾಗಕ್ಕೆ ಇಳಿದರೆ ವೇಗ ನಿಮ್ಮ ಕೈಗೆ ಹೊಂದಿದೆ. ಪ್ರತಿ ಸಲ ಬೇರೆ ಬೇರೆ ಕಡೆ ಎದ್ದರೆ ಸ್ವಲ್ಪ ಇಳಿಸಿ ನೋಡಿ. ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ 153ರಿಂದ 144ಕ್ಕೆ ಇಳಿಸಿದ ದಿನ, "ಸರ್, ಈಗ ಸೈಟ್ ಕಾಣಿಸ್ತಾ ಇದೆ, ಮೊದಲು ಎಲ್ಲಿ ಹೋಗ್ತಿತ್ತೋ ಗೊತ್ತೇ ಆಗ್ತಿರಲಿಲ್ಲ" ಅಂದಳು. ಅವಳಿಗೆ ತನ್ನ ತಪ್ಪು ಕಾಣತೊಡಗಿದ್ದು ಆವತ್ತಿನಿಂದ. ಆ 9 ಮೀಟರ್ ಇಳಿಸಿದ್ದರಿಂದ ಸಿಕ್ಕ ಲಾಭ ಅದು.

ವೇಗ ಬದಲಾಯಿಸಿದ ಮೇಲೆ ತೂತು ಲೆಕ್ಕದ ಪ್ರಕಾರ ಇಷ್ಟೇ ಕೆಳಗೆ ಬೀಳಬೇಕು ಅಂತ ನಿರೀಕ್ಷೆ ಮಾಡಬೇಡಿ. ಪಿಸ್ತೂಲಿನ ಎಗರುವಿಕೆಯೂ ಬದಲಾಗಿರುತ್ತದೆ. ಹೊಡೆದು ನೋಡಿಯೇ ಸೈಟ್ ತಿರುಗಿಸಿ.

ಮಲೆನಾಡಿನ ತೇವ

ಎಲ್ಲಾ ಸರಿ ಮಾಡಿದ ಮೇಲೂ ನಮ್ಮ ಊರುಗಳಲ್ಲಿ ವೇಗ ಕೆಡುತ್ತದೆ. ಕಾರಣ ತೇವ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಜುಲೈನಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಸ್ಟು ಬರುವ ಊರಿನಲ್ಲಿ ಪಿಸ್ತೂಲಿಗೆ ಏನೂ ಆಗುವುದಿಲ್ಲ ಅಂದುಕೊಳ್ಳಬಾರದು.

ದೊಡ್ಡ ಅಪಾಯ ಕೈಪಂಪಿನದು. ಗಾಳಿಯನ್ನು 200 ಬಾರಿಗೆ ಒತ್ತಿದಾಗ ಅದರಲ್ಲಿರುವ ನೀರಿನ ಆವಿ ಹನಿಯಾಗುತ್ತದೆ. ಆ ಹನಿ ಸಿಲಿಂಡರಿಗೆ, ಅಲ್ಲಿಂದ ರೆಗ್ಯುಲೇಟರಿಗೆ ಹೋಗುತ್ತದೆ. ಒಂದು ಮಳೆಗಾಲ ಪೂರ್ತಿ ನಾನು ತೇವ ಹೀರುವ ಫಿಲ್ಟರ್ ಇಲ್ಲದ ಪಂಪಿನಲ್ಲಿ ತುಂಬಿಸಿದೆ. ಶ್ರಾವಣದ ಹೊತ್ತಿಗೆ ಮೊದಲ ಹೊಡೆತ ಒಂದು ವೇಗ, ಐದು ನಿಮಿಷ ಬಿಟ್ಟು ಹೊಡೆದದ್ದು ಇನ್ನೊಂದು ವೇಗ. ಬಿಚ್ಚಿಸಿದಾಗ ರೆಗ್ಯುಲೇಟರಿನ ಸಣ್ಣ ಕವಾಟದ ಮೇಲೆ ತುಕ್ಕಿನ ಕೆಂಪು ಪುಡಿ ಕೂತಿತ್ತು. ಉಗುರಿನ ತುದಿಯಷ್ಟು ಪುಡಿ. ಅಷ್ಟಕ್ಕೇ ವೇಗ 8 ಮೀಟರ್ ಓಡಾಡುತ್ತಿತ್ತು.

ಸಿಲಿಕಾ ಜೆಲ್ ತುಂಬಿದ ಫಿಲ್ಟರ್ ಪಂಪಿಗೆ ಹಾಕಿಸಿ. ಹರಳಿನ ಬಣ್ಣ ಬದಲಾದರೆ ಹೊಸದು ಹಾಕಿ, ಇಲ್ಲವೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಐವತ್ತು ಸಲ ಒತ್ತಿದ ಮೇಲೆ ಪಂಪಿನ ಗಾಳಿ ಬಿಡುವ ತಿರುಪು ತೆಗೆದು ನೀರು ಹೊರಗೆ ಹೋಗಲು ಬಿಡಿ, ಪಂಪು ತಣ್ಣಗಾಗಲಿ, ಆಮೇಲೆ ಮುಂದುವರಿಸಿ. ಸಾಧ್ಯವಾದರೆ ಮಳೆ ಬಿಟ್ಟ ಬಿಸಿಲಿನ ದಿನ ತುಂಬಿಸಿ. ಕ್ಲಬ್ಬಿನ ದೊಡ್ಡ ಟ್ಯಾಂಕಿನಿಂದ ಒಣ ಗಾಳಿ ಸಿಗುವುದಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಜೋಡಣೆಯ ಜಾಗಗಳಿಗೆ ಸಾಮಾನ್ಯ ಎಣ್ಣೆ, ಗ್ರೀಸ್ ಹಚ್ಚಲೇಬೇಡಿ. ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಚೂರೇ ಚೂರು.

ಸಿಲಿಂಡರಿನ ಮೇಲೆ ತಯಾರಾದ ತಿಂಗಳು ವರ್ಷ ಇರುತ್ತದೆ. ಹತ್ತು ವರ್ಷ ದಾಟಿದ್ದನ್ನು ಬಳಸಬೇಡಿ. ಹಳೆಯ ಪಿಸ್ತೂಲ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಪೆಲೆಟಿಗೂ ತೇವ ಒಗ್ಗುವುದಿಲ್ಲ. ಸೀಸದ ಮೇಲೆ ಬೂದಿಯ ಹಾಗೆ ಬಿಳಿ ಪುಡಿ ಏಳುತ್ತದೆ. ಅಂಥದ್ದನ್ನು ಸ್ಪರ್ಧೆಗೆ ತೆಗೆದುಕೊಂಡು ಹೋಗಬೇಡಿ. ಡಬ್ಬಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಒಂದು ಸಿಲಿಕಾ ಚೀಲದ ಜೊತೆ ಇಡಿ. ಪೆಲೆಟ್ ಮುಟ್ಟಿದ ಕೈಯಲ್ಲಿ ಮಂಡಕ್ಕಿ ತಿನ್ನುವ ಮಕ್ಕಳನ್ನು ದಿನವೂ ತಡೆಯುತ್ತೇನೆ. ಸೀಸ ವಿಷ. ಸಾಬೂನು ಹಾಕಿ ಕೈ ತೊಳೆದೇ ತಿನ್ನಬೇಕು.

ಕಾನೂನಿನ ಮಾತು ಎರಡೇ ಸಾಲು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೌಲ್ ದಾಟದ ಏರ್ ಪಿಸ್ತೂಲಿಗೆ ತೋಟದ ಕೋವಿಗೆ ಬೇಕಾಗುವಂಥ ಲೈಸೆನ್ಸ್ ಬೇಕಿಲ್ಲ. ನಮ್ಮದು 5, 6 ಜೌಲಿನ ವಸ್ತು. ಆದರೂ ಕೊಂಡ ರಸೀದಿಯ ಪ್ರತಿ ಪೆಟ್ಟಿಗೆಯಲ್ಲೇ ಇರಲಿ, ಬಸ್ಸಿನಲ್ಲಿ ಹೋಗುವಾಗ ಪೆಟ್ಟಿಗೆಗೆ ಬೀಗ ಇರಲಿ.

ಹೊಂದಿಸಿದ ಮೇಲೆ ಪುಸ್ತಕದ ಮೊದಲ ಪುಟದಲ್ಲಿ ದಿನಾಂಕ, ಪೆಲೆಟಿನ ಹೆಸರು, ತಲೆಯ ಅಳತೆ, ಬ್ಯಾಚ್ ನಂಬರ್, ಸರಾಸರಿ ವೇಗ, ಅಂತರ ಬರೆದಿಡಿ. ಸ್ಕ್ರೂ ಮೇಲೆ ಹೊಸ ಜಾಗಕ್ಕೆ ಬೇರೆ ಬಣ್ಣದ ಗೆರೆ ಎಳೆಯಿರಿ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ ಒಮ್ಮೆ ಅಳೆಯಿರಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಇನ್ನೊಮ್ಮೆ. ದೊಡ್ಡ ಸ್ಪರ್ಧೆಗೆ ಹೋಗುವುದಿದ್ದರೆ ಎರಡು ವಾರ ಮುಂಚೆ ಮತ್ತೊಮ್ಮೆ. ಹಿಂದಿನ ಅಂಕಿಗೂ ಈಗಿನದಕ್ಕೂ 3 ಮೀಟರಿಗಿಂತ ಕಡಿಮೆ ವ್ಯತ್ಯಾಸ ಇದ್ದರೆ ಪೆಟ್ಟಿಗೆ ಮುಚ್ಚಿ ಅಭ್ಯಾಸಕ್ಕೆ ಹೋಗಿ.